ರಾತ್ರಿ 9ರ ನಂತರದ ವುಡ್‌ವರ್ಡ್

(ಮೈಸೂರಿನಲ್ಲಿ ಹಳೇ ಗಾಡಿ ಪ್ರಿಯರು ಸೇರಿದ್ದ ಒಂದು ಭಾನುವಾರ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವ ಮೊದಲು ಹೊರಗೆ ಅರ್ಧ ಗಂಟೆ ಸುತ್ತಾಡಿದೆ. ಮರದ ಕೆಳಗೆ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕ್ ನಿಂತಿದೆ, ನೋಡಿದಿರಾ? ಟ್ಯಾಂಕಿನ ಮೇಲೆ ಒಂದು ಗೀರೂ ಇಲ್ಲ. ಅದರ ಯಜಮಾನರು ಹಳೇ ಬನಿಯನ್ ಬಟ್ಟೆ ಹಿಡಿದು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ನೋಡಿ ಮನಸ್ಸು ತುಂಬಿ ಬಂತು. ಆ ಬೈಕನ್ನು ಮಾಡುತ್ತಿದ್ದ, 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆ ಇದೇ ಊರಿನದು. ಹಳೇ ಗಾಡಿಯನ್ನು ಹೇಗೆ ಪ್ರೀತಿಸಬೇಕು ಅಂತ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಮೆರಿಕದ ಹಳೇ ಕಾರುಗಳ ಕೂಟದ ಬಗ್ಗೆ ಮಾತಾಡಿ ಅಂತ ನೀವು ಕರೆದಿರಿ. ನಾನು ಡೆಟ್ರಾಯಿಟ್ ಹತ್ತಿರ ಬ್ರೇಕ್ ಪರೀಕ್ಷೆ ಮಾಡುವ ಕೆಲಸದಲ್ಲಿ ಹದಿಮೂರು ವರ್ಷ ಇದ್ದೆ. ಆ ಸೀಮೆಯಲ್ಲಿ ನಮ್ಮವರು ಜಾಸ್ತಿ. ಪಂಪ ಕನ್ನಡ ಕೂಟ ಇದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ 2002ರ ಸಮ್ಮೇಳನ ಡೆಟ್ರಾಯಿಟ್‌ನಲ್ಲೇ ನಡೆದದ್ದು. ಕಾರಿನ ಕಂಪನಿಗಳ ಕೆಲಸವೇ ನಮ್ಮಲ್ಲಿ ಬಹಳ ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು. ಬರ್ಕ್ಲಿ ಅನ್ನುವ ಊರಿನಲ್ಲಿ ನನ್ನ ಬಾಡಿಗೆ ಮನೆ ಇತ್ತು. ಅಲ್ಲಿಂದ ವುಡ್‌ವರ್ಡ್ ರಸ್ತೆಗೆ ನಡೆದು ಹೋದರೆ ನಾಲ್ಕೇ ನಿಮಿಷ.

ಆ ರಸ್ತೆಯಲ್ಲಿ ಪ್ರತಿ ಆಗಸ್ಟ್ ತಿಂಗಳ ಮೂರನೇ ಶನಿವಾರ ನಡೆಯುವ ಜಾತ್ರೆಯ ಹೆಸರು ವುಡ್‌ವರ್ಡ್ ಡ್ರೀಮ್ ಕ್ರೂಸ್. ಅದರ ಹಗಲಿನ ಫೋಟೋಗಳನ್ನು ನೀವೆಲ್ಲ ನೋಡಿರುತ್ತೀರಿ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ರಾತ್ರಿಯ ಕಥೆ. ಕೂಟ ಮುಗಿಯಿತು ಅಂತ ಸಾರಿದ ಮೇಲೆ ಏನಾಗುತ್ತದೆ ಅನ್ನುವುದು. ಅಲ್ಲಿ ಫುಟ್‌ಪಾತಿನಲ್ಲಿ ನಿಂತು ಕೂಗಿದವರಲ್ಲಿ ನಾನೂ ಒಬ್ಬ. ಆ ಲೆಕ್ಕವನ್ನೂ ಇಲ್ಲೇ ಒಪ್ಪಿಸುತ್ತೇನೆ.

ಮೊದಲು ರಸ್ತೆಯ ವಿಷಯ. ವುಡ್‌ವರ್ಡ್ ಅವೆನ್ಯೂ ಡೆಟ್ರಾಯಿಟ್ ನದಿಯ ಹತ್ತಿರ ಹುಟ್ಟಿ ವಾಯವ್ಯಕ್ಕೆ ಪಾಂಟಿಯಾಕ್ ಅನ್ನುವ ಊರಿನ ತನಕ ಹೋಗುತ್ತದೆ. ಹೆಚ್ಚುಕಡಿಮೆ ಮೈಸೂರಿನಿಂದ ಮಂಡ್ಯದಷ್ಟು ದೂರ. ಹೌದು, ಪಾಂಟಿಯಾಕ್ ಕಾರಿಗೆ ಹೆಸರು ಬಂದಿದ್ದೇ ಆ ಊರಿನಿಂದ. ಈ ದಾರಿಯಲ್ಲೇ ಹೈಲ್ಯಾಂಡ್ ಪಾರ್ಕ್ ಇದೆ. 1913ರಲ್ಲಿ ಫೋರ್ಡ್ ಕಂಪನಿ ಕಾರುಗಳನ್ನು ಚಲಿಸುವ ಸಾಲಿನ ಮೇಲೆ ಜೋಡಿಸಲು ಶುರು ಮಾಡಿದ್ದು ಅಲ್ಲಿ. 1909ರಲ್ಲಿ ಒಂದು ಮೈಲಿ ಉದ್ದ ಕಾಂಕ್ರೀಟ್ ಹಾಕಿ, ಹೆದ್ದಾರಿ ಅಂದರೆ ಹೀಗಿರಬೇಕು ಅಂತ ತೋರಿಸಿದ್ದು ಇದೇ ರಸ್ತೆಯ ಮೇಲೆ. ಕೆಂಪು, ಹಳದಿ, ಹಸಿರು ಮೂರೂ ಬಣ್ಣದ, ನಾಲ್ಕೂ ದಿಕ್ಕಿಗೆ ಕಾಣುವ ಸಿಗ್ನಲ್ ದೀಪವನ್ನು ಡೆಟ್ರಾಯಿಟ್‌ನ ವಿಲಿಯಂ ಪಾಟ್ಸ್ ಅನ್ನುವ ಪೊಲೀಸ್ ಅಧಿಕಾರಿ 1920ರಲ್ಲಿ ನಿಲ್ಲಿಸಿದ್ದೂ ವುಡ್‌ವರ್ಡ್ ಮೇಲೇ. ಆ ದೀಪವನ್ನು ನೆನಪಿಟ್ಟುಕೊಳ್ಳಿ. ಅದು ಮತ್ತೆ ಬರುತ್ತದೆ.

1950, 60ರ ದಶಕಗಳಲ್ಲಿ ಈ ರಸ್ತೆ ಹುಡುಗರ ರಸ್ತೆಯಾಗಿತ್ತು. ಎರಡೂ ಕಡೆ ಡ್ರೈವ್-ಇನ್ ಹೋಟೆಲುಗಳು. ಟೋಟೆಮ್ ಪೋಲ್, ಟೆಡ್ಸ್ ಅಂತ ಹೆಸರುಗಳು. ಬೆಂಗಳೂರಿನ ಏರ್‌ಲೈನ್ಸ್ ಹೋಟೆಲಿನಲ್ಲಿ ಕಾರಿಗೇ ದೋಸೆ ತಂದುಕೊಡುತ್ತಿದ್ದರಲ್ಲ, ಆ ಥರ. ಹುಡುಗರು ಒಂದು ಹೋಟೆಲಿನಿಂದ ಹೊರಟು ಇನ್ನೊಂದಕ್ಕೆ ಹೋಗುವುದು, ಮಧ್ಯದ ಹುಲ್ಲಿನ ಪಟ್ಟಿ ಕಡಿದಿರುವ ಕಡೆ ಯು-ಟರ್ನ್ ಹೊಡೆದು ವಾಪಸ್ ಬರುವುದು. ಸುಮ್ನೆ ಸುತ್ತುವುದು, ಅಷ್ಟೇ. ಆದರೆ ಸಿಗ್ನಲ್‌ನಲ್ಲಿ ಪಕ್ಕದಲ್ಲಿ ಇನ್ನೊಂದು ಕಾರು ನಿಂತರೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರೆ, ಹಸಿರು ಬೀಳುತ್ತಿದ್ದ ಹಾಗೇ ಮುಂದಿನ ಸಿಗ್ನಲ್ ತನಕ ರೇಸ್. ಪಾಟ್ಸ್ ಅವರು ಜನ ಸಾಯದಿರಲಿ ಅಂತ ಹಾಕಿದ ದೀಪವೇ ಇವರಿಗೆ ರೇಸಿನ ಬಾವುಟ ಆಯಿತು.

ಹುಡುಗರ ಜೊತೆಗೆ ಕಂಪನಿಯ ಎಂಜಿನಿಯರುಗಳೂ ಇದ್ದರು ಅನ್ನುವುದನ್ನು ಮರೆಯಬಾರದು. 1963ರಲ್ಲಿ ಜನರಲ್ ಮೋಟರ್ಸ್ ತನ್ನ ವಿಭಾಗಗಳಿಗೆ ರೇಸಿಂಗ್ ಬಿಡಿ ಅಂತ ಕಟ್ಟಪ್ಪಣೆ ಮಾಡಿತು. ಟ್ರ್ಯಾಕಿನ ಬಾಗಿಲು ಮುಚ್ಚಿತು. ಶಕ್ತಿಯುತ ಎಂಜಿನ್ ಮಾಡುವ ಆಸೆ ಮುಚ್ಚಲಿಲ್ಲ. ಮರುವರ್ಷ, 1964ಕ್ಕೆ, ಅದೇ ಕಂಪನಿಯ ಪಾಂಟಿಯಾಕ್ ವಿಭಾಗದ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಜೊತೆಯವರು ಮಧ್ಯಮ ಅಳತೆಯ ಪಾಂಟಿಯಾಕ್ ಕಾರಿನೊಳಗೆ 389 ಘನ ಇಂಚಿನ ಎಂಜಿನ್ ಕೂರಿಸಿ ಜಿಟಿಓ ಅಂತ ಹೊರತಂದರು. 6.4 ಲೀಟರ್. ನಮ್ಮ ಪದ್ಮಿನಿಯ ಎಂಜಿನ್ 1.1 ಲೀಟರ್, ಅಂದರೆ ಸುಮಾರು ಆರು ಪದ್ಮಿನಿ ಒಂದೇ ಬಾನೆಟ್ ಕೆಳಗೆ. 325 ಅಶ್ವಶಕ್ತಿ. ಇಷ್ಟೆಲ್ಲ ಇಟ್ಟುಕೊಂಡು ನಾಲ್ಕೂ ಚಕ್ರಕ್ಕೆ 9.5 ಇಂಚಿನ ಡ್ರಮ್ ಬ್ರೇಕ್! ಬ್ರೇಕ್ ಕೆಲಸದವನು ನಾನು, ಈ ಮಾತು ಹೇಳುವಾಗ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗುತ್ತದೆ. ಒಂದೂವರೆ ಟನ್‌ಗೂ ಮೀರಿದ ಕಾರನ್ನು ಎರಡು ಸಲ ಜೋರಾಗಿ ನಿಲ್ಲಿಸಿದರೆ ಡ್ರಮ್ ಕಾದು ಹಿಗ್ಗುತ್ತದೆ. ಮೂರನೇ ಸಲ ಪೆಡಲ್ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

70ರ ದಶಕದಲ್ಲಿ ಆ ಕಾಲ ಮುಗಿಯಿತು. ವಿಮೆ ದುಬಾರಿಯಾಯಿತು, ಹೊಗೆಯ ಕಾನೂನು ಬಂತು, 1973ರಲ್ಲಿ ಪೆಟ್ರೋಲ್ ಬಿಕ್ಕಟ್ಟು ಬಂತು. ಎರಡು ದಶಕ ವುಡ್‌ವರ್ಡ್ ಬರೀ ಓಡಾಡುವ ರಸ್ತೆಯಾಗಿತ್ತು.

1995ರ ಆಗಸ್ಟ್‌ನಲ್ಲಿ ಫರ್ನ್‌ಡೇಲ್ ಊರಿನವರು ಮಕ್ಕಳಿಗೆ ಒಂದು ಫುಟ್‌ಬಾಲ್ ಮೈದಾನ ಮಾಡಬೇಕು, ಅದಕ್ಕೆ ದುಡ್ಡು ಎತ್ತಬೇಕು ಅಂತ ಯೋಚಿಸಿದರು. ನೆಲ್ಸನ್ ಹೌಸ್ ಅನ್ನುವವರು ಮುಂದೆ ನಿಂತರು. ಹಳೇ ಕಾರುಗಳನ್ನು ಒಂದು ದಿನ ಹಳೇ ರಸ್ತೆಗೆ ಕರೆಯೋಣ ಅಂದರು. ಕೆಲವು ಸಾವಿರ ಜನ ಬಂದಾರು ಅಂತ ಲೆಕ್ಕ ಹಾಕಿದ್ದ ಕಡೆ ಎರಡೂವರೆ ಲಕ್ಷ ಜನ ಬಂದರು. ಆಮೇಲೆ ಅದು ನಿಲ್ಲಲೇ ಇಲ್ಲ. 2020ರ ಕೊರೋನಾ ವರ್ಷ ಬಿಟ್ಟರೆ ಪ್ರತಿ ವರ್ಷ ನಡೆದಿದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ತನಕ 26 ಕಿಲೋಮೀಟರ್, ಹತ್ತು ಲಕ್ಷಕ್ಕೂ ಮೀರಿದ ಜನ, ಸಾವಿರಾರು ಹಳೇ ಕಾರು. ನೋಡಲು ಟಿಕೆಟ್ ಇಲ್ಲ. ಕುರ್ಚಿ ತಂದು ಫುಟ್‌ಪಾತಿನಲ್ಲಿ ಹಾಕಿಕೊಂಡು ಕೂತರೆ ಆಯಿತು. ನಮ್ಮ ದಸರಾ ಮೆರವಣಿಗೆಗೆ ಜನ ಬೆಳಗಿನಿಂದಲೇ ಜಾಗ ಹಿಡಿಯುವುದಿಲ್ವಾ, ಅಲ್ಲಿಯೂ ಹಾಗೇ. ಹಿಂದಿನ ದಿನವೇ ಕುರ್ಚಿಗೆ ಹೆಸರು ಬರೆದು ಇಟ್ಟಿರುತ್ತಾರೆ.

ನನ್ನ ಕಾಲದಲ್ಲಿ ಅಧಿಕೃತ ವೇಳೆ ಬೆಳಿಗ್ಗೆ 9ರಿಂದ ರಾತ್ರಿ 9. ಹಗಲು ಬಹಳ ಚೆಂದ. ಕಾರು ನಡೆಯುವ ವೇಗದಲ್ಲಿ ಹೋಗುತ್ತದೆ. ಅಜ್ಜ ಓಡಿಸುತ್ತಾನೆ, ಮೊಮ್ಮಗಳು ಕಿಟಕಿಯಿಂದ ಕೈ ಬೀಸುತ್ತಾಳೆ. ಎಂಜಿನ್ ಕಾದು ಕೆಲವರ ಬಾನೆಟ್‌ನಿಂದ ಆವಿ ಏಳುತ್ತದೆ, ಗುರುತಿಲ್ಲದವರು ನೀರಿನ ಬಾಟಲಿ ಹಿಡಿದು ಓಡಿ ಬರುತ್ತಾರೆ.

ಒಂಬತ್ತಾಗುತ್ತದೆ. ಯಾರಿಗೂ ಮನೆಗೆ ಹೋಗಲು ಮನಸ್ಸಿಲ್ಲ.

ನಾನು ಇವತ್ತು ಹೇಳಬೇಕು ಅಂದುಕೊಂಡ ಮಾತು ಇಲ್ಲೇ ಇದೆ. ರಾತ್ರಿಯ ಪುಂಡಾಟ ಮಾಡುವವರು ಬೇರೆಲ್ಲಿಂದಲೋ ಬಂದ ಪುಂಡರು ಅಂತ ನಾವು ಹೇಳಿಕೊಂಡು ಸಮಾಧಾನ ಪಡುತ್ತೇವೆ. ಸ್ವಲ್ಪ ಜನ ಹಾಗೆ ಇರುತ್ತಾರೆ, ನಿಜ. ಆದರೆ ಹದಿಮೂರು ವರ್ಷ ನೋಡಿದವನು ಹೇಳುತ್ತೇನೆ, ಹಗಲು ಮೊಮ್ಮಗಳನ್ನು ಕೂರಿಸಿಕೊಂಡಿದ್ದ ಅದೇ ಮನುಷ್ಯ ರಾತ್ರಿ ಟೈರ್ ಸುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವರ್ಷವೆಲ್ಲ ಕಾದ ದಿನ ಮುಗಿದು ಹೋಯಿತು ಅಂದರೆ ಮನಸ್ಸು ಒಪ್ಪುವುದಿಲ್ಲ. ಮುಂದೇನು ಅಂತ ಯಾರೂ ಯೋಚನೆ ಮಾಡಿರುವುದಿಲ್ಲ. ಆ ಖಾಲಿ ಜಾಗಕ್ಕೆ ಗಲಾಟೆ ಬಂದು ಕೂರುತ್ತದೆ.

ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಸಿಗ್ನಲ್ ಕೆಂಪು. ಮುಂದೆ ಜಾಗ ಖಾಲಿ. ಫುಟ್‌ಪಾತಿನಲ್ಲಿ ನಿಂತವರು ಗಾಳಿಯಲ್ಲಿ ಬೆರಳು ತಿರುಗಿಸುತ್ತಾರೆ. "ಸುಡು, ಸುಡು" ಅಂತ ಅದರ ಅರ್ಥ. ಯಾರೋ ಒಬ್ಬ ಓಡಿ ಬಂದು ಹಿಂದಿನ ಚಕ್ರದ ಕೆಳಗೆ ನೀರು ಸುರಿಯುತ್ತಾನೆ. ಕೆಲವರು ಬ್ಲೀಚ್ ತಂದಿರುತ್ತಾರೆ. ಲೈನ್ ಲಾಕ್ ಅಂತ ಒಂದು ಸಾಮಾನು ಬರುತ್ತದೆ. ಬ್ರೇಕ್ ಒತ್ತಿ, ಒಂದು ಗುಂಡಿ ಹಿಡಿದು, ಪೆಡಲ್ ಬಿಟ್ಟರೆ ಮುಂದಿನ ಎರಡು ಚಕ್ರ ಹಿಡಿದುಕೊಂಡೇ ಇರುತ್ತವೆ, ಹಿಂದಿನವು ಬಿಡುಗಡೆ. ಆಮೇಲೆ ಆಕ್ಸಿಲರೇಟರ್ ಒತ್ತುವುದೊಂದೇ. ದೊಡ್ಡ ಕಾರ್ಬ್ಯುರೇಟರಿನ ಹಿಂದಿನ ಎರಡು ಬಾಯಿ ತೆರೆದುಕೊಂಡಾಗ ಒಂದು ಶಬ್ದ ಬರುತ್ತದೆ. ಅಲ್ಲಿಯವರೆಗೆ ಗುರುಗುಟ್ಟುತ್ತಿದ್ದ ಎಂಜಿನ್ ದೊಡ್ಡ ಉಸಿರು ಎಳೆದುಕೊಂಡ ಹಾಗೆ. ಅದನ್ನು ಕೇಳಿದರೆ ಮೈ ಜುಂ ಅನ್ನುತ್ತದೆ. ನನಗೂ ಅನ್ನುತ್ತಿತ್ತು. ಟೈರ್ ಕಾದು ರಬ್ಬರಿನೊಳಗಿನ ಎಣ್ಣೆ ಆವಿಯಾಗಿ ಬಿಳಿ ಹೊಗೆ ಏಳುತ್ತದೆ, ಬೀದಿ ದೀಪ ಕಾಣದಷ್ಟು.

ಭಾನುವಾರ ಬೆಳಿಗ್ಗೆ ವಾಕಿಂಗ್ ಹೋದರೆ ರಸ್ತೆಯನ್ನೇ ಓದಬಹುದಾಗಿತ್ತು. ಒಂದೇ ಕಪ್ಪು ಗೀಟು ಇದ್ದರೆ ಸಾದಾ ಡಿಫರೆನ್ಷಿಯಲ್, ಒಂದು ಚಕ್ರ ಮಾತ್ರ ಸುತ್ತಿದೆ. ಎರಡು ಗೀಟು ಇದ್ದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಎರಡೂ ಚಕ್ರ ಸುತ್ತಿವೆ. ಗೀಟು ನೆಟ್ಟಗಿದ್ದರೆ ಸರಿ. ಬಹಳ ಗೀಟುಗಳು ಕೊನೆಗೆ ಬಲಕ್ಕೆ ಬಾಗಿರುತ್ತಿದ್ದವು. ಫುಟ್‌ಪಾತಿನ ಕಡೆಗೆ.

ಯಾಕೆ ಆ ಕಡೆಗೇ ಅಂತ ಈ ಹುಡುಗರು ಗಮನ ಕೊಟ್ಟು ಕೇಳಿ. ಮಳೆ ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ. ನಿಂತಲ್ಲೇ ಸುತ್ತುತ್ತಿರುವ ಟೈರಿಗೆ ಮುಂದಕ್ಕೂ ಹಿಡಿತ ಇಲ್ಲ, ಪಕ್ಕಕ್ಕೂ ಹಿಡಿತ ಇಲ್ಲ. ಸಾಬೂನಿನ ಮೇಲೆ ಇಟ್ಟ ಹಾಗೆ. ಹಾಗಾಗಿ ಕಾರಿನ ಹಿಂಭಾಗ ಇಳಿಜಾರಿನ ಕಡೆ ಜಾರುತ್ತದೆ. ಇಳಿಜಾರಿನ ಕೊನೆಯಲ್ಲಿ ಯಾರು ನಿಂತಿದ್ದಾರೆ? ಕೂಗುತ್ತಿರುವ ಜನ, ಮಡಚುವ ಕುರ್ಚಿಯಲ್ಲಿ ಕೂತ ಮಕ್ಕಳು. ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇನ್ನೂ ಕಷ್ಟ. ಟೈರಿಗೆ ತಟ್ಟನೆ ಹಿಡಿತ ಸಿಗುತ್ತದೆ, ಕಾರು ಮೂತಿ ಎತ್ತ ಇದೆಯೋ ಅತ್ತ ನುಗ್ಗುತ್ತದೆ. ಹೊಸ ಕಾರಿನಲ್ಲಿ ಇದನ್ನು ತಡೆಯಲು ಕಂಪ್ಯೂಟರ್ ಇದೆ. 1968ರ ಕಾರಿನಲ್ಲಿ ಓಡಿಸುವವನ ಕಾಲೇ ಕಂಪ್ಯೂಟರ್.

ಈಗ ಆ ರಾತ್ರಿಯ ವಿಷಯ.

ನಾನು ಅಲ್ಲಿಗೆ ಹೋದ ಮೂರನೇ ವರ್ಷ. ಹತ್ತು ದಾಟಿತ್ತು. ತೆಳು ನೀಲಿ ಬಣ್ಣದ, ಎರಡು ಬಾಗಿಲಿನ, 1968ರ ಒಂದು ಕಾರು ಸಿಗ್ನಲ್‌ನಲ್ಲಿ ನಿಂತಿತು. ಓಡಿಸುತ್ತಿದ್ದವರಿಗೆ ಅರವತ್ತರ ಮೇಲೆ ವಯಸ್ಸು. ಅವರು ಸುಮ್ನೆ ಮನೆಗೆ ಹೋಗುತ್ತಿದ್ದರು ಅಂತ ನನಗೆ ಈಗಲೂ ಅನ್ನಿಸುತ್ತದೆ. ನಾವು ಐವತ್ತು ಅರವತ್ತು ಜನ ಇದ್ದೆವು. ಬೆರಳು ತಿರುಗಿಸಿದೆವು. ಕೂಗಿದೆವು. ಅವರು ಇಲ್ಲ ಅಂತ ತಲೆಯಾಡಿಸಿದರು. ನಾವು ಬಿಡಲಿಲ್ಲ. ಒಬ್ಬ ನೀರು ಸುರಿದ. ಅವರು ಒಂದು ಸಲ ನಮ್ಮ ಕಡೆ ನೋಡಿ ನಕ್ಕರು, ಆಮೇಲೆ ಒತ್ತಿದರು.

ಆ ಕಾರಿಗೆ ಹಿಂದೆ ನಮ್ಮ ಲಾರಿಗಳಿಗೆ ಇರುವಂಥ ಪಟ್ಟಿ ಸ್ಪ್ರಿಂಗ್. ಜೋರಾಗಿ ಎಳೆದರೆ ಪಟ್ಟಿ ತಿರುಚಿಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ತಿರುಚಿಕೊಳ್ಳುತ್ತದೆ. ಚಕ್ರ ಕುಣಿಯಲು ಶುರುವಾಗುತ್ತದೆ. ನಾಲ್ಕು ಸಲ ಧಡ್ ಧಡ್ ಅಂತು. ಐದನೇ ಸಲ ಬಂದಿದ್ದು ಬೇರೆ ಶಬ್ದ. ಕಬ್ಬಿಣ ಮುರಿದ ಶಬ್ದ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟಿನ ಕ್ರಾಸ್ ಮುರಿದಿತ್ತು. ಶಾಫ್ಟ್ ಕೆಳಗೆ ಬಿದ್ದು ರಸ್ತೆಯನ್ನು ಕೆರೆಯಿತು. ಎಂಜಿನ್ ಸುಮ್ಮನೆ ಕಿರುಚಿತು, ಕಾರು ನಿಂತಿತು.

ಜನ ಒಂದು ಕ್ಷಣ ಹೋ ಅಂದರು. ಆಮೇಲೆ ಸಿಗ್ನಲ್ ಹಸಿರಾಯಿತು. ಹಿಂದಿನ ಕಾರುಗಳು ಹಾರ್ನ್ ಹೊಡೆದವು. ಗುಂಪು ಕರಗಿತು. ಎರಡು ನಿಮಿಷ ಇರಬೇಕು, ಅಷ್ಟರಲ್ಲಿ ಅಲ್ಲಿ ಉಳಿದಿದ್ದು ನಾಲ್ಕು ಜನ. ಆ ಹಿರಿಯರು, ನಾನು, ಜೊತೆಗಿದ್ದ ಹಾಸನದ ಕಡೆಯ ಸಹೋದ್ಯೋಗಿ, ಮತ್ತೆ ಯಾವನೋ ಒಬ್ಬ ಹೈಸ್ಕೂಲು ಹುಡುಗ. ನೀರು ಸುರಿದವನು ಕಾಣಲೇ ಇಲ್ಲ.

ನಾವು ಮೂವರು ತಳ್ಳಿದೆವು. ಅವರು ಸ್ಟೇರಿಂಗ್ ಹಿಡಿದರು. ಪಕ್ಕದ ಬೀದಿಗೆ ತಿರುಗಿಸಿ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದೆವು. ಅವರ ಕೈ ನಡುಗುತ್ತಿತ್ತು. ಮನೆಯೊಳಗೆ ಕರೆದೆ. ನನ್ನ ಹೆಂಡತಿ ಉಳಿದಿದ್ದ ಚಿತ್ರಾನ್ನ ಬಿಸಿ ಮಾಡಿ ಬಡಿಸಿದಳು. ಅವರು ತಿನ್ನುತ್ತಾ ಹೇಳಿದರು: ಆ ಕಾರು ಮೊದಲು ಅವರ ಅಪ್ಪನದಂತೆ. ಅಪ್ಪ ಕಾರ್ ಕಾರ್ಖಾನೆಯಲ್ಲಿ ಸೀಟು ಕೂರಿಸುವ ಸಾಲಿನಲ್ಲಿ ಮೂವತ್ತು ವರ್ಷ ಇದ್ದವರು. ಅಪ್ಪ ಹೋದ ಮೇಲೆ ಶೆಡ್ಡಿನಲ್ಲಿ ತುಕ್ಕು ಹಿಡಿದಿದ್ದನ್ನು ಒಂಬತ್ತು ವರ್ಷ ಕೂತು ಸರಿ ಮಾಡಿದ್ದರು. "ನಾನು ಯಾವತ್ತೂ ಅದನ್ನ ಹಾಗೆ ಓಡಿಸಿದವನಲ್ಲ. ನೀವೆಲ್ಲ ಅಷ್ಟೊಂದು ಆಸೆಯಿಂದ ಕೇಳಿದಿರಿ" ಅಂದರು. ಬೈಯಲಿಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಯಿತು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಬಂದರು. ಎಂಬತ್ತರ ಹತ್ತಿರದವರು. ಹಗಲು ಕ್ರೂಸ್ ನೋಡಲು ಎಲ್ಲರಿಗಿಂತ ಮೊದಲು ಕುರ್ಚಿ ಹಾಕುವವರು ಅವರೇ, ಕಾರಿನ ದೀಪ ನೋಡಿ ವರ್ಷ ಹೇಳುವವರು. ರಾತ್ರಿಯೆಲ್ಲ ಅವರ ಯಜಮಾನರು ನಿದ್ದೆ ಮಾಡಿರಲಿಲ್ಲ. ಅವರು ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಮಲಗಿದ್ದವರು. ಕಿಟಕಿ ಮುಚ್ಚಿದರೂ ರಬ್ಬರ್ ಹೊಗೆ ಒಳಗೆ ಬಂದಿತ್ತು. "ಹಗಲೆಲ್ಲ ನನ್ನ ರಸ್ತೆ ತಗೊಳ್ಳಿ, ನಾನೇ ಬಂದು ಚಪ್ಪಾಳೆ ಹೊಡೀತೀನಿ. ರಾತ್ರಿ ಹತ್ತರ ಮೇಲೆ ನಮ್ಮನ್ನ ಮಲಗೋಕೆ ಬಿಡಪ್ಪಾ" ಅಂದರು. ಅವರು ಹೇಳಿದ್ದು ನನ್ನ ಭಾಷೆಯಲ್ಲಿ ಅಲ್ಲ. ಆದರೆ ನನ್ನ ಕಿವಿಗೆ ಬಿದ್ದಿದ್ದು ಹೀಗೇ.

ಇಂಥ ಅಜ್ಜಿಯರ ಮಾತು ಒಂದು ಊರಿನಲ್ಲಿ ಒಟ್ಟುಗೂಡಿದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರಿಯಾ ದೇಶದ ಉದಾಹರಣೆ ಇದೆ. ಅಲ್ಲಿ ವೋರ್ಟರ್‌ಸೇ ಅಂತ ಒಂದು ಸರೋವರ. ಅದರ ದಡದಲ್ಲಿ ಮರಿಯಾ ವೋರ್ಟ್ ಅನ್ನುವ ಪಂಚಾಯಿತಿಗೆ ಸೇರಿದ ರೈಫ್ನಿಟ್ಸ್ ಅನ್ನುವ ಸಣ್ಣ ಊರು. 1982ರಿಂದ ಅಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಪ್ರಿಯರು ಸೇರುತ್ತಿದ್ದರು. 1976ರಲ್ಲಿ ಮಾರಾಟಕ್ಕೆ ಬಂದ ಮೊದಲ ಜಿಟಿಐ ಈಗ ಹಳೇ ಕಾರುಗಳ ಸಾಲಿಗೆ ಸೇರಿಬಿಟ್ಟಿದೆ. ಆ ಕೂಟದ ನೆನಪಿಗೆ ಗ್ರಾನೈಟ್ ಕಲ್ಲಿನಲ್ಲಿ ಕೆತ್ತಿದ ಒಂದು ಗಾಲ್ಫ್ ಕಾರು ಆ ಊರಿನಲ್ಲಿ ನಿಂತಿತು. ಅದು ಇವತ್ತಿಗೂ ಇದೆ. ಕೂಟ ಬೆಳೆಯಿತು. ಮುಖ್ಯ ಕೂಟಕ್ಕೆ ವಾರಗಳ ಮುಂಚೆಯೇ ಬಂದು ಬೀಡುಬಿಡುವವರು ಹೆಚ್ಚಾದರು. ಸರೋವರದ ಸುತ್ತ ರಾತ್ರಿ ಸೈಲೆನ್ಸರಿನಿಂದ ಪಟಾಕಿ ಹೊಡೆಸುವುದು, ಪೆಟ್ರೋಲ್ ಬಂಕಿನಲ್ಲಿ ಟೈರ್ ಸುಡುವುದು. ಕೊರೋನಾ ಕಾಲದಲ್ಲಿ ಕೂಟ ನಿಂತಿತು. 2023ರಲ್ಲಿ ಮತ್ತೆ ಶುರು ಮಾಡೋಣ ಅನ್ನುವಾಗ ಪಂಚಾಯಿತಿಯವರು ಬೇಡ ಅಂದರು. ಕಲ್ಲಿನ ಕಾರು ನಿಂತಿರುವ ಊರೇ ಬೇಡ ಅಂತು. 2024ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಜರ್ಮನಿಯಲ್ಲಿರುವ ತನ್ನ ಊರಾದ ವುಲ್ಫ್ಸ್‌ಬರ್ಗ್‌ನಲ್ಲಿ ಜಿಟಿಐ ಪ್ರಿಯರಿಗೆ ಬೇರೆ ಕೂಟ ಮಾಡಿತು.

ಆದರೆ ರೈಫ್ನಿಟ್ಸ್‌ಗೆ ಬರುವವರು ನಿಂತರಾ? ಇಲ್ಲ. ಕೂಟ ಇಲ್ಲದಿದ್ದರೂ ಜನ ಸರೋವರಕ್ಕೆ ಬರುತ್ತಲೇ ಇದ್ದಾರೆ, ಪೊಲೀಸರು ಕಾವಲು ಕಾಯುತ್ತಲೇ ಇದ್ದಾರೆ. ನಿಂತಿದ್ದು ಆಯೋಜಕರು, ಸ್ವಯಂಸೇವಕರು, ದಾರಿ ತೋರಿಸುವವರು, ಕಸ ಎತ್ತುವವರು. ಕೂಟವನ್ನು ರದ್ದು ಮಾಡುವುದು ಸುಲಭದ ಉತ್ತರ ಅಂತ ನಮ್ಮಲ್ಲೂ ಬಹಳ ಜನ ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಹಗಲನ್ನು ರದ್ದು ಮಾಡಬಹುದು, ರಾತ್ರಿ ರದ್ದಾಗುವುದಿಲ್ಲ.

ಪಾಂಟಿಯಾಕ್‌ನವರು ಬೇರೆ ದಾರಿ ಹಿಡಿದರು. ಜನರಲ್ ಮೋಟರ್ಸ್‌ನ ಹಳೇ ಕಾರ್ಖಾನೆಯ ಖಾಲಿ ಜಾಗ, 87 ಎಕರೆ, ವುಡ್‌ವರ್ಡ್ ಪಕ್ಕದಲ್ಲೇ ಬಿದ್ದಿತ್ತು. ಅಲ್ಲಿ ಎಂ1 ಕಾಂಕೋರ್ಸ್ ಅನ್ನುವ ಜಾಗ ಎದ್ದಿತು. ಒಳಗೆ ಎರಡೂವರೆ ಕಿಲೋಮೀಟರಿಗೆ ಹತ್ತಿರದ ಟ್ರ್ಯಾಕ್. 2016ರಿಂದ ಕ್ರೂಸ್ ಆಸುಪಾಸಿನ ದಿನಗಳಲ್ಲಿ ಅಲ್ಲಿ ರೋಡ್‌ಕಿಲ್ ನೈಟ್ಸ್ ಅಂತ ನಡೆಸಿದರು. ವುಡ್‌ವರ್ಡ್ ರಸ್ತೆಯನ್ನೇ ಮುಚ್ಚಿ, ಎರಡೂ ಕಡೆ ಕಾಂಕ್ರೀಟ್ ತಡೆ ನಿಲ್ಲಿಸಿ, ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ 201 ಮೀಟರ್, ಕಾನೂನಿನ ಒಪ್ಪಿಗೆಯಿಂದ ರೇಸ್. ಆಂಬುಲೆನ್ಸ್ ಇದೆ, ಅಗ್ನಿಶಾಮಕ ದಳ ಇದೆ, ಹೆಲ್ಮೆಟ್ ಇದೆ. ಶುರುವಿಗೆ ದೀಪದ ಕಂಬ ಇದೆ. ಹಳದಿ, ಹಳದಿ, ಹಳದಿ, ಹಸಿರು. ಅರವತ್ತರ ದಶಕದ ಹುಡುಗರು ಪೊಲೀಸರ ಕಣ್ಣು ತಪ್ಪಿಸಿ ಮಾಡಿದ್ದನ್ನು ಅದೇ ಡಾಂಬರಿನ ಮೇಲೆ ಪೊಲೀಸರೇ ನಿಂತು ನಡೆಸಿಕೊಟ್ಟರು. ಮೊದಲ ಸಲ ಅದನ್ನು ನೋಡಿದಾಗ ನನ್ನ ಕಣ್ಣು ತುಂಬಿಕೊಂಡಿತು. ಯಾರನ್ನೂ ಬೈಯದೆ, ಆ ಆಸೆಗೆ ಒಂದು ಜಾಗ ಮಾಡಿಕೊಟ್ಟಿದ್ದರಲ್ಲ, ಅದಕ್ಕೆ.

ನನ್ನ ಹತ್ತಿರ 87 ಎಕರೆ ಇರಲಿಲ್ಲ. ಮನೆ ಮುಂದೆ ಕಾರು ನಿಲ್ಲಿಸುವ ಜಾಗ ಇತ್ತು, ಎಂಟು ಕಾರು ಹಿಡಿಯುವಷ್ಟು, ಅದರಲ್ಲಿ ಮೂರು ಹುಲ್ಲಿನ ಮೇಲೆ. ಆ ನೀಲಿ ಕಾರಿನ ಘಟನೆಯ ಮರುವರ್ಷದಿಂದ ನಾನು, ನನ್ನ ಹೆಂಡತಿ, ಹಾಸನದ ಗೆಳೆಯ ಸೇರಿ ಒಂದು ಪದ್ಧತಿ ಮಾಡಿಕೊಂಡೆವು. ಕ್ರೂಸ್ ದಿನ ರಾತ್ರಿ ಎಂಟೂಕಾಲಿಗೆ ಊಟ. ಬಿಸಿಬೇಳೆ ಭಾತ್, ಬೂಂದಿ, ಮೊಸರನ್ನ. ಗುರುತಿನವರನ್ನೂ ಕರೆಯುತ್ತಿದ್ದೆವು, ಗುರುತಿಲ್ಲದವರನ್ನೂ. ಬಾನೆಟ್ ಎತ್ತಿ ಇಡುವುದು, ಎಂಜಿನ್ ಆರಲಿ ಅಂತ. ಹಳೇ ಕಾರಿನ ಎಂಜಿನ್ ಆರುವಾಗ ಟಿಕ್ ಟಿಕ್ ಅನ್ನುತ್ತದಲ್ಲ, ಆ ಶಬ್ದದ ಮಧ್ಯೆ ಮಾತು. ಯಾರು ಯಾವ ಬಿಡಿಭಾಗ ಎಲ್ಲಿ ಹುಡುಕಿದರು, ಯಾರ ಅಪ್ಪ ಯಾವ ಕಾರ್ಖಾನೆಯಲ್ಲಿದ್ದರು. ಹನ್ನೊಂದಾದರೂ ಯಾರೂ ಏಳುತ್ತಿರಲಿಲ್ಲ. ಆದರೆ ಒಬ್ಬರ ಕಾರೂ ಮತ್ತೆ ವುಡ್‌ವರ್ಡ್‌ಗೆ ಹೋಗುತ್ತಿರಲಿಲ್ಲ. ದಿನ ಮುಗಿಯಬಾರದು ಅನ್ನುವ ಆಸೆ ಅವರಿಗೆ ಇದ್ದೇ ಇತ್ತು. ಅದು ಅಲ್ಲಿ ತೀರುತ್ತಿತ್ತು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಬೆಳಿಗ್ಗೆ ಸೇರುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ, ತಿಂಡಿ ತಿನ್ನುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಹಿರಿಯರು ಹೊರಡುತ್ತಾರೆ. ಹುಡುಗರು ಉಳಿಯುತ್ತಾರೆ. ಸಂಜೆಯಾಗುತ್ತದೆ, ಸೈಲೆನ್ಸರಿನೊಳಗೆ ಶಬ್ದ ತಗ್ಗಿಸುವ ಬ್ಯಾಫಲ್ ಹೊರಗೆ ಬರುತ್ತದೆ, ರಿಂಗ್ ರೋಡು ಕರೆಯುತ್ತದೆ. ನನಗೆ ಗೊತ್ತು. 80ರ ದಶಕದ ಕೊನೆಯಲ್ಲಿ ಯಾದವಗಿರಿಯ ಬೀದಿಗಳಲ್ಲಿ ರಾತ್ರಿ ಬ್ಯಾಫಲ್ ಕಿತ್ತ ಗಾಡಿ ಓಡಿಸಿದವನು ನಾನು. ಟೂ-ಸ್ಟ್ರೋಕ್ ಗಾಡಿಯಲ್ಲಿ ಸೈಲೆನ್ಸರ್ ಎಂಜಿನ್ನಿನದೇ ಒಂದು ಭಾಗ. ಒಳಗಿನದ್ದು ಕಿತ್ತರೆ ಶಬ್ದ ಜಾಸ್ತಿಯಾಗುತ್ತದೆ, ಎಳೆತ ಕಮ್ಮಿಯಾಗುತ್ತದೆ. ಇದು ಆಗ ನನಗೆ ಯಾರಾದರೂ ಹೇಳಿದ್ದರೆ ಕೇಳುತ್ತಿದ್ದೆನೋ ಇಲ್ಲವೋ. ಆದರೆ ಯಾರಾದರೂ ನನ್ನನ್ನು ಊಟಕ್ಕೆ ಕರೆದಿದ್ದರೆ ಖಂಡಿತ ಹೋಗುತ್ತಿದ್ದೆ.

ಹಾಗಾಗಿ ಹಿರಿಯರಲ್ಲಿ ನನ್ನ ಕೋರಿಕೆ, ಈ ಜುಲೈನಲ್ಲಿ ಮಧ್ಯಾಹ್ನ ಎದ್ದು ಹೋಗಬೇಡಿ. ರಾತ್ರಿಯ ಊಟದ ಖರ್ಚು ನಾನು ಹಾಕುತ್ತೇನೆ, ಜಾಗ ನೀವು ನೋಡಿ. ಊರಿನಿಂದ ಸ್ವಲ್ಪ ಆಚೆ, ಯಾರದಾದರೂ ತೋಟ, ಒಂದು ಗಟ್ಟಿ ನೆಲ ಇದ್ದರೆ ಸಾಕು. ಗಾಡಿ ಬಿಚ್ಚಿ ಜೋಡಿಸುವ ಪಂದ್ಯ ಇಡೋಣ, ಕಾರ್ಬ್ಯುರೇಟರ್ ಬಿಚ್ಚಿ ಕೂರಿಸಿ ಮೊದಲ ಕಿಕ್ಕಿಗೆ ಯಾರದ್ದು ಶುರುವಾಗುತ್ತದೆ ನೋಡೋಣ. ಜುಲೈಗೆ ಮೊದಲು ಒಂದು ಸಂಜೆ ನಾವು ಸೇರುವ ರಸ್ತೆಯ ಎರಡೂ ಕಡೆಯ ಮನೆಗಳಿಗೆ ಹೋಗಿ ಬರೋಣ. ಇಂಥ ದಿನ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನ ತನಕ ಶಬ್ದ ಇರುತ್ತದೆ, ಆಮೇಲೆ ಇರುವುದಿಲ್ಲ ಅಂತ ಬಾಗಿಲಲ್ಲಿ ನಿಂತು ಹೇಳೋಣ. ನಾನು ಬರುತ್ತೇನೆ.

(ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಕೇಳಿದ: "ಸಾರ್, ಆ ನೀಲಿ ಕಾರು ಮತ್ತೆ ಓಡ್ತಾ?")

ಓಡಿತು. ಮುಂದಿನ ಆಗಸ್ಟ್‌ನಲ್ಲಿ, ನಮ್ಮ ಮೊದಲ ಊಟದ ದಿನ, ಎಂಟು ಗಂಟೆಗೇ ಅವರು ಬಂದರು. ಹಿಮ್ಮುಖವಾಗಿ ಒಳಗೆ ತಂದು ನಿಲ್ಲಿಸಿದರು. ಹೊಸ ಶಾಫ್ಟ್ ಹಾಕಿಸಿದ್ದರು, ಅದು ಮುರಿದರೂ ಕೆಳಗೆ ಬೀಳದ ಹಾಗೆ ಒಂದು ಕಬ್ಬಿಣದ ಬಳೆಯನ್ನೂ ಹಾಕಿಸಿದ್ದರು. ಪಕ್ಕದ ಮನೆಯ ಅಜ್ಜಿ ಮಡಚುವ ಕುರ್ಚಿ ಹಿಡಿದುಕೊಂಡು ಬಂದರು. ಆ ವರ್ಷ ಅವರ ಯಜಮಾನರು ಇರಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಎಂಜಿನ್ ಶಬ್ದ ಕೇಳಬಹುದಾ ಅಂದರು. ಇವರು ಗಡಿಯಾರ ನೋಡಿಕೊಂಡರು. ಒಂಬತ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಬಾಗಿಲು ತೆಗೆದು ಅಜ್ಜಿಯನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಕೀ ಅವರ ಕೈಗೇ ಕೊಟ್ಟರು. ಅಜ್ಜಿ ಶುರು ಮಾಡಿದರು. ಕಣ್ಣು ಮುಚ್ಚಿಕೊಂಡು ಒಂದು ನಿಮಿಷ ಕೇಳಿಸಿಕೊಂಡರು. ಆಮೇಲೆ ಅವರೇ ಆಫ್ ಮಾಡಿದರು.